ಅಳತೆಗೆ ಹೊಲಿಸಿದ ಅಡುಗೆಮನೆ

ಟೈಲರ್ ಮಾಸ್ಟರಿಗೆ ಈ ಲೋಕದಲ್ಲಿ ಇಬ್ಬರು ವೈರಿಗಳಿದ್ದರು. ಒಬ್ಬ ರೆಡಿಮೇಡ್, ಇನ್ನೊಬ್ಬ ಶನಿವಾರ. ರೆಡಿಮೇಡ್ ಅವರ ಹೊಟ್ಟೆಯ ಮೇಲೆ ಹೊಡೆದದ್ದು ನಿಜ. ಶನಿವಾರವನ್ನು ಮಾತ್ರ ಅವರು ಕೈಯಾರೆ ಎದುರು ಹಾಕಿಕೊಂಡಿದ್ದರು. ಯಾರು ಬಟ್ಟೆ ತಂದು ಕೊಟ್ಟರೂ "ಶನಿವಾರ ಬನ್ನಿ" ಅನ್ನುವುದು ಅವರ ಮೂವತ್ತು ವರ್ಷದ ಅಭ್ಯಾಸ. ಯಾವ ಶನಿವಾರ ಅಂತ ಅವರೂ ಹೇಳುತ್ತಿರಲಿಲ್ಲ, ಗಿರಾಕಿಗಳೂ ಕೇಳುತ್ತಿರಲಿಲ್ಲ. ಹಾಗಾಗಿ ಮಾಸ್ಟರ್ ಸುಳ್ಳು ಹೇಳಿದರು ಅಂತ ಇವತ್ತಿನವರೆಗೆ ಯಾರಿಗೂ ರುಜುವಾತು ಮಾಡಲು ಆಗಿಲ್ಲ. ಬ್ಯಾಂಕಿನ ವಾಚ್‌ಮನ್ ಒಬ್ಬ ತನ್ನ ಖಾಕಿ ಪ್ಯಾಂಟಿಗಾಗಿ ಏಳು ಶನಿವಾರದಿಂದ ತಪ್ಪದೆ ಬರುತ್ತಿದ್ದ. ಪ್ಯಾಂಟು ಸಿಗುವುದೆಂಬ ಆಸೆ ಅವನಿಗೂ ಹೋಗಿತ್ತು. ಆದರೂ ಶನಿವಾರ ಸಂಜೆ ಬೇರೆ ಕೆಲಸವಿಲ್ಲವಲ್ಲ ಅಂತ ಬರುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದ ಒಂದು ಬೋರ್ಡು: "ಆಲ್ಟರೇಶನ್ ಕೆಲಸ ಮಾಡುವುದಿಲ್ಲ." ಮಾಸ್ಟರು ಹೊಲಿದದ್ದನ್ನು ಬದಲಾಯಿಸಬೇಕೆಂದರೆ ಗಿರಾಕಿ ತನ್ನ ಮೈಯನ್ನೇ ಬದಲಾಯಿಸಿಕೊಳ್ಳಬೇಕು, ಅಷ್ಟೇ.

ಹೀಗಿರುವಾಗ ಮಾಸ್ಟರ ಹೆಂಡತಿಗೆ ಮಂಡಿ ನೋವು ಶುರುವಾಯಿತು. ಡಾಕ್ಟರು ಮಂಡಿ ಒತ್ತಿ ನೋಡಿ, "ನಿಂತು ಕೆಲಸ ಮಾಡೋದು ನಿಲ್ಲಿಸಿ. ಕೂತು ಮಾಡಿ. ಇಲ್ಲಾಂದ್ರೆ ಇನ್ನೊಂದು ವರ್ಷಕ್ಕೆ ಮೆಟ್ಟಿಲು ಹತ್ತೋದೂ ಕಷ್ಟ ಆಗುತ್ತೆ" ಅಂದರು. ಅಡುಗೆಮನೆಯಲ್ಲಿದ್ದದ್ದು ಒಂದು ಕುಳ್ಳ ಮೇಜು. ಅದರ ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ತರಕಾರಿ ಹೆಚ್ಚುವ ಮಣೆ. ಎದುರಿಗೆ ಒಂದು ಸ್ಟೂಲ್ ಎಳೆದುಕೊಂಡರೆ ಮುಗಿಯಿತು. ಆ ಒಂದು ಸ್ಟೂಲ್ ಇರಲಿಲ್ಲ.

"ರೀ, ಅಡುಗೆಮನೆಗೆ ಒಂದು ಸ್ಟೂಲ್ ಬೇಕಿತ್ತು."

ಮಾಸ್ಟರು ಕತ್ತರಿಯಿಂದ ಕಣ್ಣೆತ್ತಲಿಲ್ಲ. "ಶನಿವಾರ ನೋಡೋಣ" ಅಂದರು.

ಮೂರು ಶನಿವಾರ ಹೋದವು. ನಾಲ್ಕನೆಯದಕ್ಕೆ ಆಕೆ, "ಬೀದಿ ಕೊನೇಲಿ ಪ್ಲಾಸ್ಟಿಕ್ ಸ್ಟೂಲ್ ಮಾರ್ತಾರೆ. ನಾನೇ ಒಂದು ತಂದ್ಕೊಳ್ತೀನಿ ಬಿಡಿ" ಅಂದಳು.

ಮಾಸ್ಟರ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು. "ಏನಂದೆ? ರೆಡಿಮೇಡಾ? ನನ್ನ ಮನೆಗಾ? ಬೀದಿ ಜನ ನೋಡಿದ್ರೆ ಏನಂತಾರೆ? ಮಾಸ್ಟರ ಹೆಂಡ್ತಿನೇ ರೆಡಿಮೇಡ್ ಮೇಲೆ ಕೂತಿದಾಳೆ ಅನ್ನಲ್ವಾ?"

ಆಗಲೇ ಎದುರುಮನೆಯ ಸಾಹೇಬರು ಕೋಟಿನ ಟ್ರಯಲ್ ನೋಡಲು ಬಂದರು. ಕರೆಂಟ್ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುವುದು ಈಗ ಅವರ ಪೂರ್ಣಾವಧಿ ಉದ್ಯೋಗ. ಒಂದು ತೋಳು ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಳ್ಳುವುದನ್ನೇ ಮರೆತು, ತಮ್ಮ ಮನೆಯ ಹೊಸ ಅಡುಗೆಮನೆಯ ವರ್ಣನೆಗೆ ಇಳಿದರು. ಎತ್ತರದ ಕಟ್ಟೆ, ಅದರ ಸುತ್ತ ಎತ್ತರದ ಸ್ಟೂಲು, ಕಟ್ಟೆಯ ಕೆಳಗೆ ಪಾತ್ರೆ ತೊಳೆಯುವ ಯಂತ್ರ. "ಕುಟುಂಬದ ಅಗತ್ಯಗಳನ್ನ ಸ್ಟಡಿ ಮಾಡ್ಬೇಕು ಮಾಸ್ಟರೇ. ಒಬ್ಬೊಬ್ಬರ ಅಗತ್ಯ ಏನು, ಎತ್ತರ ಏನು, ಎಲ್ಲ ನೋಡಿ ಮಾಡಿಸ್ಬೇಕು. ಸಿಕ್ಕಿದ್ದು ತಂದು ಹಾಕೋದಲ್ಲ."

ಅಷ್ಟು ಸಾಕಿತ್ತು. ಅಳತೆ ತೆಗೆದು ಮಾಡಿಸುವುದು! ಈ ಮಾತನ್ನು ಮಾಸ್ಟರಿಗೆ ಇನ್ನೊಬ್ಬರು ಹೇಳಿಕೊಡುವುದೆಂದರೇನು? ಅವರು ಎದೆಯುಬ್ಬಿಸಿ ಒಳಗೆ ಹೋದರು. "ಒಂದು ಸ್ಟೂಲ್ ಯಾಕೆ? ಇಡೀ ಅಡುಗೆಮನೆನೇ ಅಳತೆಗೆ ಮಾಡಿಸ್ತೀನಿ. ನಿನಗೋಸ್ಕರ."

"ನನಗೆ ಒಂದು ಸ್ಟೂಲ್ ಸಾಕಿತ್ತು" ಅಂದಳು ಹೆಂಡತಿ. ಆದರೆ ಮಾಸ್ಟರು ಆಗಲೇ ಟೇಪು ಹುಡುಕುತ್ತಿದ್ದರು. ಅದು ಎಂದಿನಂತೆ ಅವರ ಕೊರಳಲ್ಲೇ ಇತ್ತು.

ಮರುದಿನ ಮನೆಮಂದಿಯನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದರು. ಅಳತೆ ಪುಸ್ತಕ ಹೆಂಡತಿಯ ಕೈಯಲ್ಲಿ. ಅದು ಆ ಮನೆಯ ಪದ್ಧತಿ, ಮಾಸ್ಟರು ಕೂಗುವುದು, ಆಕೆ ಬರೆದುಕೊಳ್ಳುವುದು. ಆಕೆ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ನಿಂತಳು.

ಮೊದಲು ಮಾಸ್ಟರ ತಾಯಿ.

"ಯಾಕೋ, ನನಗೆ ಕೋಟು ಹೊಲಿತೀಯೇನೋ?"

"ಸ್ಟೂಲು ಅಮ್ಮಾ. ನೇರ ನಿಂತ್ಕೋ."

"ಸ್ಟೂಲಿಗೆ ಸೊಂಟದ ಸುತ್ತಳತೆ ಯಾಕೋ?"

"ಮತ್ತೆ ಕೂರೋದು ಯಾವುದರ ಮೇಲೆ?"

ಮುದುಕಿ ಯೋಚಿಸಿದಳು. ಸೆರಗು ಸರಿಮಾಡಿಕೊಂಡು ನೇರ ನಿಂತಳು.

ಆಮೇಲೆ ಮಗಳು. ಆಮೇಲೆ ಮಹಡಿಯ ಕೋಣೆಯಲ್ಲಿದ್ದು ಮೂರು ಹೊತ್ತೂ ಕೆಳಗೇ ಉಣ್ಣುವ ಭಾವಮೈದುನ. ಅವನು ಹೊಟ್ಟೆ ಒಳಗೆಳೆದುಕೊಂಡು ನಿಂತ. ಮಾಸ್ಟರು ಬಿಡಲಿಲ್ಲ. "ಉಸಿರು ಬಿಡಯ್ಯಾ. ಊಟ ಆದ್ಮೇಲೆ ಇರೋ ಅಳತೆನೇ ಬೇಕು ನನಗೆ." ಆಮೇಲೆ ತಮ್ಮದೇ ಅಳತೆ. ಕೊನೆಗೆ, ಅತಿಥಿಗಳಿಗೂ ಒಂದು ಇರಲಿ ಅಂತ, ಬೀದಿ ದಾಟಿ ಹೋಗಿ ಸಾಹೇಬರ ಮಂಡಿಯನ್ನೂ ಅಳೆದು ಬಂದರು.

ಪ್ರತಿ ಅಳತೆಗೂ ಮಾಸ್ಟರು ಅಭ್ಯಾಸಬಲದಿಂದ ಸೇರಿಸುತ್ತ ಹೋದರು: "ಲೂಸಿಗೆ ಎರಡಿಂಚು, ಮಾರ್ಜಿನ್‌ಗೆ ಎರಡಿಂಚು. ಇವಳು ಬೆಳೆಯೋ ಹುಡುಗಿ, ಇನ್ನೆರಡು ಹಾಕ್ಕೋ."

ಹೆಂಡತಿ ಪೆನ್ನು ನಿಲ್ಲಿಸಿದಳು. "ರೀ, ಮರಕ್ಕೂ ಮಾರ್ಜಿನ್ ಬಿಡ್ತಾರಾ?"

"ನಿನಗೆ ತಿಳಿಯಲ್ಲ ಸುಮ್ನಿರು. ಉದ್ದ ಆದ್ರೆ ಒಳಗೆ ಮಡಚಿ ಹೊಲಿಬಹುದು. ಗಿಡ್ಡ ಆದ್ರೆ ಎಲ್ಲಿಂದ ತರ್ತೀಯ? ಬರ್ಕೋ."

ಬರೆದುಕೊಂಡಳು.

ಯಂತ್ರಗಳನ್ನು ಕೊಳ್ಳಲು ಎಲ್ಲರೂ ಒಟ್ಟಿಗೇ ಶೋರೂಮಿಗೆ ಹೊರಟರು. ಬಾಗಿಲಲ್ಲಿ ಸೂಟು ಹಾಕಿದ ಸೇಲ್ಸ್‌ಮನ್ ಕೈ ಮುಗಿದ. ಮಾಸ್ಟರ ಕಣ್ಣು ಅವನ ತೋಳಿಗೆ ಹೋಯಿತು. ಅರ್ಧ ಇಂಚು ಉದ್ದ! ರೆಡಿಮೇಡ್. ಈ ಮನುಷ್ಯನನ್ನು ನಂಬಬಾರದೆಂದು ಅಲ್ಲೇ ತೀರ್ಮಾನಿಸಿದರು.

"ನಿಮ್ಮ ಕುಟುಂಬದ ಅಗತ್ಯ ಏನು ಅಂತ ಹೇಳಿದ್ರೆ ಸರ್..."

ಹೇಳುವುದಕ್ಕೇನು ಕೊರತೆ? ಮಗಳಿಗೆ ಓವನ್ ಬೇಕಿತ್ತು. ಅವಳ ಗೆಳತಿಯರೆಲ್ಲ ಕೇಕು ಮಾಡುತ್ತಾರಂತೆ. ಮುದುಕಿಗೆ ಗುಂಡಿ ಒತ್ತಿದ ಕೂಡಲೇ ನೀರು ಕಾಯಿಸುವ ಕೆಟಲ್. ಭಾವಮೈದುನನಿಗೆ ಹಣ್ಣಿನ ರಸ ತೆಗೆಯುವ ಯಂತ್ರ. "ಭಾವಾ, ಆರೋಗ್ಯಕ್ಕಿಂತ ದೊಡ್ಡದು ಏನಿದೆ ಹೇಳಿ?" ಅಂದ. ಆ ಮಾತು ಹೇಳುವಾಗ ಅವನ ಬಾಯಲ್ಲಿ ಬಾಗಿಲಲ್ಲಿ ಹಂಚುತ್ತಿದ್ದ ಬಿಟ್ಟಿ ಚಾಕಲೇಟುಗಳು ನಾಲ್ಕಿದ್ದವು. ಮಾಸ್ಟರು ನೇರವಾಗಿ ಪಾತ್ರೆ ತೊಳೆಯುವ ಯಂತ್ರದ ಹತ್ತಿರ ಹೋಗಿ, ಅದರ ಬಾಗಿಲ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರು.

"ನೀರಿಗೆ ಹಾಕಿದ್ರೆ ಕುಗ್ಗುತ್ತಾ?"

"ಸ್ಟೀಲು ಸರ್ ಇದು."

"ಬಣ್ಣ ಬಿಡುತ್ತಾ?"

"ಇಲ್ಲ ಸರ್."

"ಎಲ್ರೂ ಹಾಗೇ ಅಂತಾರೆ. ಟ್ರಯಲ್ ಕೊಡ್ತೀರಾ?"

ಪಾತ್ರೆ ತೊಳೆಯುವ ಯಂತ್ರದ ಟ್ರಯಲ್ ಹೇಗೆ ನೋಡುವುದೆಂದು ಸೇಲ್ಸ್‌ಮನ್‌ಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವನು ಪೆಚ್ಚುಪೆಚ್ಚಾಗಿ ನಕ್ಕು, ಪಾರಾಗುವ ದಾರಿ ಹುಡುಕುತ್ತ ಮಾಸ್ಟರ ಹೆಂಡತಿಯ ಕಡೆ ತಿರುಗಿದ. "ಮೇಡಂ, ನಿಮಗೇನು ಬೇಕು?"

ಆಕೆ ಬಾಯಿ ತೆರೆಯುವಷ್ಟರಲ್ಲಿ ಮಾಸ್ಟರು, "ಅವಳಿಗೆ ಬೇರೆ ಏನು ಬೇಕ್ರಿ? ಇದೆಲ್ಲ ಅವಳಿಗೋಸ್ಕರಾನೇ ಅಲ್ವಾ?" ಅಂದರು.

ಆಕೆ ಕೂರಲು ಜಾಗ ಹುಡುಕುತ್ತಿದ್ದಳು. ಅಂಗಡಿಯ ತುಂಬ ಕುರ್ಚಿಗಳಿದ್ದವು. ಎಲ್ಲದರ ಮೇಲೂ ಒಂದೇ ಚೀಟಿ: "ಮಾರಾಟಕ್ಕಿದೆ, ದಯವಿಟ್ಟು ಕೂರಬೇಡಿ."

ಇನ್ನು ಬಡಗಿ. ಅವನು ಮಾತಿನಲ್ಲಿ ಬಹಳ ಕಂಜೂಸು. ಅಳತೆ ಚೀಟಿ ನೋಡಿದ, ಮಾಸ್ಟರನ್ನು ನೋಡಿದ, ಮತ್ತೆ ಚೀಟಿ ನೋಡಿದ.

"ಇಷ್ಟು ಎತ್ತರಾನಾ?"

"ಮಾರ್ಜಿನ್ ಸೇರಿಸಿದೀನಿ. ಜಾಸ್ತಿ ಆದ್ರೆ ಆಮೇಲೆ ಒಳಗೆ ಹಿಡಿಯೋಣ."

"ಮರಾನಾ?"

"ಚೀಟೀಲಿ ಬರ್ದಿರೋದನ್ನ ಮಾಡಿ ಸಾಕು."

"ಸರಿ" ಅಂದ ಬಡಗಿ. ಬರೆದದ್ದನ್ನೇ ಮಾಡುವುದು ಅವನ ಧರ್ಮ. ಬರೆದವರ ತಲೆ ಸರಿಯಿದೆಯೋ ಇಲ್ಲವೋ ನೋಡುವುದು ಅವನ ಕೆಲಸವಲ್ಲ. ಕಟ್ಟೆಗೆ ಮಾತ್ರ ಮಾಸ್ಟರು ಎಲ್ಲರಿಗಿಂತ ಎತ್ತರದ ಭಾವಮೈದುನನ ಅಳತೆ ಹಿಡಿದು, ಲೂಸು, ಮಾರ್ಜಿನ್ ಎರಡೂ ಸೇರಿಸಿ, ಒರೆಸಿ ಒರೆಸಿ ಮರ ಕುಗ್ಗಬಹುದು ಅಂತ ಇನ್ನೆರಡಿಂಚು ಬಿಟ್ಟರು. ಈ ಹೆಚ್ಚುವರಿ ಇಂಚುಗಳಿಂದಾಗಿ ಕೊನೆಗೆ ಮರ ಸಾಲದೆ ಬಂತು. ಅಂಗಡಿಯಲ್ಲಿ ಮಾಸ್ಟರು ಕೂತು ಹೊಲಿಯುತ್ತಿದ್ದ ಹಳೆಯ ಸ್ಟೂಲನ್ನು ಬಡಗಿ ಮುರಿದು ಅಡ್ಡಪಟ್ಟಿ ಮಾಡಿದ. "ಹೊಸದು ಐದು ಬರ್ತಿರುವಾಗ ಇದ್ಯಾಕೆ" ಅಂತ ಮಾಸ್ಟರೇ ಅಪ್ಪಣೆ ಕೊಟ್ಟಿದ್ದರು. ಅಡುಗೆಮನೆಯ ಕುಳ್ಳ ಮೇಜು ಇಸ್ತ್ರಿಗೆ ಇರಲಿ ಅಂತ ಅಂಗಡಿಗೆ ಬಂತು.

ಕೆಲಸ ಶುಕ್ರವಾರವೇ ಮುಗಿಯಿತು. ಮಾಸ್ಟರ ಬದುಕಿನಲ್ಲಿ ಹೇಳಿದ ಶನಿವಾರಕ್ಕೆ ತಯಾರಾಗಿದ್ದ ಮೊದಲ ವಸ್ತು ಅದು. ಹೊಲಿದವರು ಬೇರೆ, ಅದಕ್ಕೆ.

ಶನಿವಾರ ಮಧ್ಯಾಹ್ನ ಉದ್ಘಾಟನೆ. ಬಾಗಿಲಿಗೆ ಅಡ್ಡ ಕಟ್ಟಿದ ಲೈನಿಂಗ್ ಬಟ್ಟೆಯನ್ನು ಸಾಹೇಬರು ಕತ್ತರಿಸಿದರು, ಮಾಸ್ಟರು ಓರೆಯಾಯಿತೆಂದು ಮತ್ತೆ ಕತ್ತರಿಸಿದರು. ಒಳಗೆ ಹೋದವರೆಲ್ಲ ಒಂದು ಗಳಿಗೆ ತಲೆಯೆತ್ತಿ ನೋಡುತ್ತ ನಿಂತರು. ಸ್ಟೂಲುಗಳು ಅಷ್ಟು ಎತ್ತರಕ್ಕಿದ್ದವು.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದರು ಮಾಸ್ಟರು. ಹೇಳುವುದು ಸುಲಭ. ಮುದುಕಿಯನ್ನು ಇಬ್ಬರು ಎತ್ತಿ ಕೂರಿಸಬೇಕಾಯಿತು. ಮಗಳು ಕಿಟಕಿ ಹಿಡಿದು ಹತ್ತಿದಳು. ಭಾವಮೈದುನ ಮೂರನೆಯ ಪ್ರಯತ್ನಕ್ಕೆ ಗೆದ್ದ. ಸಾಹೇಬರು ತಮ್ಮ ಘನತೆಗೆ ಕುಂದು ಬಾರದಂತೆ ಖಾಲಿ ಡಬ್ಬವೊಂದರ ಮೇಲೆ ಕಾಲಿಟ್ಟು ಏರಿದರು. ಡಬ್ಬ ಉರುಳಿ ಕಟ್ಟೆಯ ಕೆಳಗೆ ಹೋಯಿತು. ಮಾಸ್ಟರು ಹೇಗೆ ಹತ್ತಿದರೆಂದು ಯಾರೂ ನೋಡಲಿಲ್ಲ, ಅದೊಂದು ಪುಣ್ಯ. ಅಂತೂ ಐವರೂ ಸಾಲಾಗಿ ಕೂತರು. ಹತ್ತು ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದವು.

ಮುದುಕಿಗೆ ಮಾತ್ರ ಬಹಳ ಖುಷಿಯಾಯಿತು. "ಇಲ್ಲಿಂದ ಬಾಗಿಲುಗಳ ಸಾಲಲ್ಲಿ, ಬೀದಿ ಆಚೆ, ಎದುರುಮನೆ ಅಡುಗೆಮನೆ ಪೂರ್ತಿ ಕಾಣುತ್ತೆ ಕಣೋ! ಸಾಹೇಬ್ರೆ, ನಿಮ್ಮನೆ ಸಿಂಕ್ ತುಂಬ ಎಂಜಲು ಪಾತ್ರೆ ಹಾಗೇ ಬಿದ್ದಿದೆಯಲ್ರಿ. ಯಂತ್ರ ಇದೆ ಅಂದ್ರಿ?"

ಸಾಹೇಬರ ಮುಖ ಹುಳ್ಳಗಾಯಿತು. ಮಾಸ್ಟರು ಮಾತು ಮರೆಸಲು, "ಎಲ್ಲಾ ಆನ್ ಮಾಡ್ರಿ!" ಅಂತ ಕೂಗಿದರು. ಕೂತಲ್ಲಿಂದಲೇ ಮಗಳು ಓವನ್, ಮುದುಕಿ ಕೆಟಲ್, ಭಾವಮೈದುನ ರಸದ ಯಂತ್ರ ಒತ್ತಿದರು. ಮಾಸ್ಟರು ಕಾಲಿನ ಹೆಬ್ಬೆರಳಿನಿಂದ ಕಟ್ಟೆಯ ಕೆಳಗಿದ್ದ ಪಾತ್ರೆ ತೊಳೆಯುವ ಯಂತ್ರದ ಗುಂಡಿ ಅದುಮಿದರು. ಯಂತ್ರದ ಶಕ್ತಿ ತೋರಿಸಬೇಕೆಂದು ಮನೆಯ ಅಷ್ಟೂ ತಟ್ಟೆ ಲೋಟಗಳನ್ನು ಅದರೊಳಗೆ ತುಂಬಿಸಿಟ್ಟಿದ್ದರು. ನಾಲ್ಕೂ ಒಟ್ಟಿಗೆ ಗುಂಯ್ ಅಂದವು. ಆಮೇಲೆ ಫಟ್ ಅಂದಿತು. ಆಮೇಲೆ ಏನೂ ಅನ್ನಲಿಲ್ಲ.

"ಲೋಡು ಮಾಸ್ಟರೇ, ಲೋಡು!" ಸಾಹೇಬರ ಮುಖದಲ್ಲಿ ಮತ್ತೆ ಕಳೆ ಬಂತು. ನಿವೃತ್ತರಾದ ಮೇಲೆ ಅವರ ವಿದ್ಯೆಗೆ ಒದಗಿದ ಮೊದಲ ಅವಕಾಶ. "ಹೆಚ್ಚಿನ ಲೋಡಿಗೆ ಅರ್ಜಿ ಹಾಕ್ಬೇಕು. ಮೂರು ಪ್ರತಿಯಲ್ಲಿ."

"ಅದಿರಲಿ, ತಟ್ಟೆ ಎಲ್ಲಿ?" ಅಂದ ಭಾವಮೈದುನ. ಯಂತ್ರದ ಬಾಗಿಲು ಬೀಗ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಕರೆಂಟು ಬರುವ ತನಕ ಅದು ತೆರೆಯುವುದಿಲ್ಲವೆಂದು ಸಾಹೇಬರೇ ಸಂತೋಷದಿಂದ ತಿಳಿಸಿದರು.

ಅಷ್ಟು ಹೊತ್ತೂ ಮಾಸ್ಟರ ಹೆಂಡತಿ ಕಟ್ಟೆಯ ಆ ಬದಿಯಲ್ಲಿದ್ದಳು. ಕಟ್ಟೆ ಆಕೆಯ ಎದೆಯವರೆಗೆ ಬರುತ್ತಿತ್ತು. ಪಾತ್ರೆಯೊಳಗೆ ಏನಿದೆ ಅಂತ ನೋಡಲು ತುದಿಗಾಲಲ್ಲಿ ನಿಲ್ಲಬೇಕಿತ್ತು. ಬೆಳಗಿನಿಂದ ತುದಿಗಾಲಲ್ಲೇ ಐದು ಜನರ ಅಡುಗೆ ಮಾಡಿದ್ದಳು.

"ಅಮ್ಮಾ, ಸಾಕು, ನೀವೂ ಬಂದು ಕೂತ್ಕೊಳ್ಳಿ" ಅಂದರು ಸಾಹೇಬರು.

ಎಲ್ಲರೂ ಆಚೀಚೆ ನೋಡಿದರು. ಐದು ಸ್ಟೂಲು. ಐದರಲ್ಲೂ ಜನ. ಕಟ್ಟೆಯ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಅಳತೆ ಪುಸ್ತಕವನ್ನು ಮಗಳು ಎಳೆದುಕೊಂಡು ಹಾಳೆ ತಿರುವಿದಳು. "ಅಜ್ಜಿ, ನಾನು, ಮಾವ, ಅಪ್ಪ, ಎದುರುಮನೆ ತಾತ... ಅಪ್ಪಾ, ಅಮ್ಮನ ಅಳತೆ ಎಲ್ಲಿ?"

ಮಾಸ್ಟರು ಪುಸ್ತಕ ಕಿತ್ತುಕೊಂಡು ನೋಡಿದರು. ಹಿಂದಿನಿಂದ ನೋಡಿದರು, ಮುಂದಿನಿಂದ ನೋಡಿದರು. "ಏನೇ ಇದು? ನಿನ್ನದು ಬರೆದೇ ಇಲ್ವಲ್ಲ?"

"ನೀವು ಹೇಳಿದ್ದಷ್ಟು ಬರ್ದೆ. ನನ್ನದು ನೀವು ಹೇಳಲೇ ಇಲ್ಲ."

"ಬಾಯಿ ಬಿಟ್ಟು ಕೇಳೋದಲ್ವಾ?"

"ಕೇಳಿದ್ನಲ್ಲ. ಒಂದು ಸ್ಟೂಲ್ ಬೇಕು ಅಂತ. ಶನಿವಾರ ಅಂದ್ರಿ."

ಭಾವಮೈದುನ ಸಮಾಧಾನಕ್ಕೆ ಬಂದ. "ಹೋಗ್ಲಿ ಬಿಡಕ್ಕಾ. ನಿನಗೆ ಸ್ಟೂಲ್ ಯಾಕೆ? ನೀನು ಹೇಗಿದ್ರೂ ನಿಂತೇ ಇರ್ತೀಯಲ್ಲ."

ಅದನ್ನು ಕೇಳಿ ಆಕೆ ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ಕುಂಟುತ್ತ ನಡುಮನೆ ದಾಟಿ, ಅಂಗಡಿ ದಾಟಿ, ಬೀದಿಗಿಳಿದು ಹೊರಟೇ ಹೋದಳು.

"ಏಯ್, ಎಲ್ಲಿಗೆ? ನಿಲ್ಲೇ!" ಮಾಸ್ಟರು ಇಳಿಯಲು ನೋಡಿದರು. ನೆಲ ಬಹಳ ದೂರದಲ್ಲಿತ್ತು. ಒಂದು ಕಾಲು ಚಾಚಿದರು, ಸ್ಟೂಲು ವಾಲಿತು, ಕಟ್ಟೆಯನ್ನು ತಬ್ಬಿಕೊಂಡರು.

"ತವರಿಗೆ ಹೋದ್ಲೇನೋ ಕಣೋ" ಅಂದಳು ಮುದುಕಿ.

"ತವರು ಅಂದ್ರೆ ನಾನೇ ತಾನೆ? ನಾನು ಇಲ್ಲೇ ಇದೀನಲ್ಲ" ಅಂದ ಭಾವಮೈದುನ.

ಮಾಸ್ಟರಿಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚು ನಾಚಿಕೆಯಾಯಿತು. ಊರಿನ ಮೈಗಳನ್ನೆಲ್ಲ ಕಣ್ಣಲ್ಲೇ ಅಳೆಯುವ ಮನುಷ್ಯ, ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದವಳ ಮಂಡಿಯನ್ನೇ ಮರೆತಿದ್ದರು. ಡಾಕ್ಟರು ಹೇಳಿದ್ದು ಆ ಒಂದು ಮಂಡಿಯ ಬಗ್ಗೆ, ಅದನ್ನು ಬಿಟ್ಟು ಮಿಕ್ಕ ಹತ್ತು ಮಂಡಿಗಳಿಗೂ ಸ್ಟೂಲು ಮಾಡಿಸಿದ್ದರು.

ಅಷ್ಟರಲ್ಲಿ ಅಂಗಡಿ ಕಡೆಯಿಂದ ದನಿ ಬಂತು. "ಮಾಸ್ಟರೇ, ಶನಿವಾರ ಅಂದಿದ್ರಿ..."

ಬ್ಯಾಂಕಿನ ವಾಚ್‌ಮನ್! ಮಾಸ್ಟರಿಗೆ ಶನಿವಾರ ಬಂದ ಗಿರಾಕಿಯನ್ನು ಕಂಡು ಮೊದಲ ಸಲ ಸಂತೋಷವಾಯಿತು. "ಬಾರಪ್ಪಾ, ಒಳಗೆ ಬಾ! ನಮ್ಮನ್ನ ಸ್ವಲ್ಪ ಇಳಿಸು!"

ವಾಚ್‌ಮನ್ ಬಾಗಿಲಲ್ಲಿ ನಿಂತು ಐವರನ್ನೂ ಸಾವಕಾಶವಾಗಿ ನೋಡಿದ. ಅಂಥ ಅವಕಾಶ ಬದುಕಿನಲ್ಲಿ ಎರಡು ಸಲ ಬರುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಕೈಕಟ್ಟಿಕೊಂಡ.

"ಇಳಿಸ್ತೀನಿ. ಪ್ಯಾಂಟ್ ಯಾವಾಗ ಹೇಳಿ."

"ಶನಿ... ಅಲ್ಲ, ನಾಳೆ! ನಾಳೆ ಬೆಳಿಗ್ಗೆ!"

"ಸಾಹೇಬ್ರೆ, ನೀವು ಸಾಕ್ಷಿ" ಅಂದು ಒಬ್ಬೊಬ್ಬರನ್ನಾಗಿ ಇಳಿಸಿದ. ಮುದುಕಿ ಮಾತ್ರ, "ನನಗೆ ಇಲ್ಲೇ ಚೆನ್ನಾಗಿದೆ, ಎದುರುಮನೇಲಿ ಈಗ ಯಾರೋ ಪಾತ್ರೆ ತೊಳಿಯೋಕೆ ಬಂದ್ರು" ಅಂತ ಇಳಿಯಲು ಒಪ್ಪಲಿಲ್ಲ.

ಮಾಸ್ಟರು ಅಂಗಡಿಗೆ ಓಡಿಬಂದರು. ಹೆಂಡತಿ ಎದುರಿಗೇ ಬರುತ್ತಿದ್ದಳು. ಕೈಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು, ಚೀಟಿ ಇನ್ನೂ ಅಂಟಿಕೊಂಡಿತ್ತು. ಇಸ್ತ್ರಿಗೆಂದು ತಂದಿಟ್ಟಿದ್ದ ಕುಳ್ಳ ಮೇಜಿನ ಮುಂದೆ ಅದನ್ನು ಇಟ್ಟು, ಕೂತಳು. ಕೂತು ಒಂದು ನಿಟ್ಟುಸಿರು ಬಿಟ್ಟಳು.

ಮಾಸ್ಟರ ಕಣ್ಣು ಕೇಳಬೇಕಲ್ಲ, ಅಳತೆ ತೆಗೆದೇಬಿಟ್ಟಿತು. ಪಾದ ನೆಲದ ಮೇಲೆ ಪೂರ್ತಿ. ಮಂಡಿ ಸೊಂಟದ ಮಟ್ಟಕ್ಕೆ. ಮೊಣಕೈ ಮೇಜಿನ ಮಟ್ಟಕ್ಕೆ. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಫಿಟ್ಟಿಂಗ್ ಅವರ ಕೈಯಿಂದ ಬಂದಿರಲಿಲ್ಲ. ಅದೂ ರೆಡಿಮೇಡ್!

"ಒಲೆ ಇಲ್ಲಿಗೆ ತಂದುಕೊಡಿ" ಅಂದಳು ಆಕೆ.

ತಂದುಕೊಟ್ಟರು.

ಅಂದಿನಿಂದ ಅಡುಗೆ ಅಂಗಡಿಯಲ್ಲೇ. ಸಾಹೇಬರ ಕೋಟು ಈರುಳ್ಳಿ ವಾಸನೆಯೊಂದಿಗೆ ಅವರ ಮನೆ ಸೇರಿತು. ಬಟ್ಟೆ ಕತ್ತರಿಸುವುದು, ಇಸ್ತ್ರಿ ಮಾಡುವುದು ಮಾತ್ರ ಅಡುಗೆಮನೆಯ ಎತ್ತರದ ಕಟ್ಟೆಗೆ ಹೋಯಿತು. ಮಾಸ್ಟರು ಬಡಗಿಯನ್ನು ಕರೆಸಿ, ಹೊಸ ಸ್ಟೂಲುಗಳನ್ನು ನಾಲ್ಕಿಂಚು ಒಳಗೆ ಹಿಡಿದುಕೊಡಪ್ಪಾ ಅಂತ ಕೇಳಿದರು. ಬಡಗಿ ಗೋಡೆಯ ಮೇಲಿನ ಬೋರ್ಡು ತೋರಿಸಿ ಹೊರಟುಹೋದ. ಹೊಲಿಗೆ ಮೆಷಿನ್ನಿನ ಮುಂದೆ ಕೂರಲು ಹಳೆಯ ಸ್ಟೂಲು ಉಳಿದಿರಲಿಲ್ಲ. ಹೊಸದರ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಮಾಸ್ಟರು ಒಂಟಿಕಾಲಲ್ಲಿ ನಿಂತು ಇನ್ನೊಂದರಿಂದ ಪೆಡಲು ತುಳಿಯುತ್ತ ಹೊಲಿದರು. ವಾಚ್‌ಮನ್‌ನ ಪ್ಯಾಂಟನ್ನೂ ಹಾಗೇ ಹೊಲಿದದ್ದು. ಅದರ ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಗಿದೆ ಅಂತ ಅವನು ಈಗಲೂ ಬರುತ್ತಾನೆ.

ಎರಡು ತಿಂಗಳಿಗೆ ಮಾಸ್ಟರಿಗೂ ಮಂಡಿ ಹಿಡಿದುಕೊಂಡಿತು. ಡಾಕ್ಟರು ಒತ್ತಿ ನೋಡಿ, "ನಿಂತು ಕೆಲಸ ಮಾಡೋದು ನಿಲ್ಲಿಸಿ. ಕೂತು ಮಾಡಿ" ಅಂದರು.

ಮಾಸ್ಟರು ಮನೆಗೆ ಬಂದರು. ಹೆಂಡತಿ ಕೆಂಪು ಸ್ಟೂಲಿನ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಆಕೆಯ ಮಂಡಿ ಈಗ ಎಷ್ಟೋ ವಾಸಿ. ಮಾಸ್ಟರು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಸುಳಿದಾಡಿ, ಗಂಟಲು ಸರಿಮಾಡಿಕೊಂಡು ಕೇಳಿದರು.

"ನೋಡೇ, ಅದು... ಅಂಥದೇ ಇನ್ನೊಂದು ಸ್ಟೂಲು ನನಗೂ ತಂದುಕೊಡ್ತೀಯಾ?"

ಆಕೆ ಚಾಕುವಿನಿಂದ ಕಣ್ಣೆತ್ತಲಿಲ್ಲ.

"ಶನಿವಾರ ಬನ್ನಿ" ಅಂದಳು, "ನೋಡೋಣ."